ಮುತ್ತಜ್ಜಿಯ ವಂಶ

ನಾನು ಕಾಲೇಜಿನ ಲ್ಯಾಬಿನಲ್ಲಿ ಬಾಟಲಿ ತೊಳೆಯುವವಳು. ಸಂಶೋಧನೆ ಮಾಡುವ ಮೇಡಂ ಬೇಸಿಗೆಯಲ್ಲಿ ನಮ್ಮೂರ ಉಪ್ಪಿನ ಆಗರದಿಂದ ಒಂದು ಬಾಟಲಿ ಕೆಂಪು ನೀರು ತಂದಿಟ್ಟಿದ್ದರು. ಕೊಳೆ ನೀರೆಂದುಕೊಂಡು ಬಾಟಲಿಯನ್ನು ತೊಳೆದುಬಿಟ್ಟೆ.

"ಅದರಲ್ಲಿ ಆರ್ಕಿಯಾ ಇತ್ತು ಮಾರಾಯ್ತಿ! ಕಣ್ಣಿಗೆ ಕಾಣದ ಜೀವಿಗಳು. ಗಿಡ ಮರಕ್ಕಿಂತ ಹಳೇ ವಂಶ, ನಮಗೆಲ್ಲ ಮುತ್ತಜ್ಜಿ ಇದ್ದ ಹಾಗೆ!" ಎಂದು ಮೇಡಂ ಅತ್ತೇಬಿಟ್ಟರು.

ಆಗ ಮಳೆಗಾಲ. ಆಗರವೆಲ್ಲ ಮುಳುಗಿ, ಮತ್ತೆ ಕೆಂಪು ನೀರು ಸಿಗುವಂತಿರಲಿಲ್ಲ.

"ತಿಂಗಳೊಳಗೆ ಆ ಜೀವಿಗಳನ್ನು ತೋರಿಸದಿದ್ದರೆ ನಿಮ್ಮ ಮೇಡಂ ಸಂಶೋಧನೆ ನಿಂತ ಹಾಗೆ. ನಿನ್ನ ಕೆಲಸವೂ ಹೋದ ಹಾಗೆ," ಎಂದರು ಲ್ಯಾಬಿನ ಮುಖ್ಯಸ್ಥರಾದ ಸರ್.

ಊಟದ ಚೀಲದಿಂದ ಅವ್ವ ಕಟ್ಟಿಕೊಟ್ಟ ಉಪ್ಪಿನ ಪೊಟ್ಟಣ ತೆಗೆದೆ. "ಬೇಸಿಗೆಯಲ್ಲಿ ಆ ಕೆಂಪು ನೀರೇ ಒಣಗಿ ಆದ ಉಪ್ಪು ಇದು."

ಮೇಡಂ ಕಣ್ಣೊರೆಸಿಕೊಂಡರು. "ಸರ್, ಹರಳಿನೊಳಗೆ ಸಿಕ್ಕಿಕೊಂಡು ಬದುಕಿದ್ದರೂ ಇರಬಹುದು!"

ಒಂದು ಚಮಚ ಉಪ್ಪು ಕರಗಿಸಿ ಬೆಚ್ಚಗಿಟ್ಟರು. ಮೂರು ವಾರಕ್ಕೆ ಬಾಟಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ಮೇಡಂ ನನ್ನನ್ನು ಹಿಡಿದು ಕುಣಿದಾಡಿದರು.

"ನಿನ್ನ ಕೆಲಸ ಉಳಿಯಿತು," ಎಂದರು ಸರ್. "ಉಳಿದ ಉಪ್ಪನ್ನು ಬೀರುವಿಗೆ ಹಾಕಿ ಬೀಗ ಜಡಿ. ಅದರಲ್ಲಿ ಒಂದೇ ಒಂದು ಹರಳು ಹಾಳು ಮಾಡಿದವರನ್ನು ಇವತ್ತೇ ಕೆಲಸ ಬಿಡಿಸಿ ಮನೆಗೆ ಕಳಿಸ್ತೇನೆ. ಎಲ್ಲಿದೆ ಅದು?"

ನಾನು ಖಾಲಿ ಪೊಟ್ಟಣ ಬಿಡಿಸಿ ತೋರಿಸಿದೆ.

"ನಿನ್ನೆ ನೀವೇ ಪೇರಳೆಕಾಯಿಗೆ ಹಚ್ಚಿಕೊಂಡು ಪೂರ್ತಿ ತಿಂದ್ರಲ್ಲ, ಸರ್."