ಹನ್ನೆರಡು ವೋಲ್ಟ್

“ಎಷ್ಟ್ ತೋರಸ್ತದ ನೋಡು,” ಎಂದ ಲಿಂಗರಾಜ, ಮೀಟರಿನ ಎರಡೂ ಕಡ್ಡಿಗಳನ್ನು ಬ್ಯಾಟರಿಗೆ ಒತ್ತಿ ಹಿಡಿದು. ಹಳೆಯ ವ್ಯಾನಿನ ಎಂಜಿನ್ ಓಡುತ್ತಿತ್ತು. ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕು ಬರಬೇಕು. ಗ್ಲಾಕೋಮಾ ಅವನ ಕಣ್ಣನ್ನು ನುಂಗುತ್ತ ಬಂದಮೇಲೆ ಅಂಕಿ ಓದುವ ಕೆಲಸ ಹೆಂಡತಿ ಇಂದುಮತಿಯದು.

“ಹನ್ನೆರಡು ರೀ.”

ಎರಡು ತಿಂಗಳಿಂದ ಇದೇ ಹನ್ನೆರಡು. ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಬದಲಾಯಿಸಿದ್ದಾಯಿತು, ಬೆಲ್ಟ್ ಬಿಗಿದದ್ದಾಯಿತು, ಫತೇಗಂಜಿನ ಮನೆಯಂಗಳದಲ್ಲಿ ಕೂತು ವೈರನ್ನೆಲ್ಲ ಕೈಯಲ್ಲೇ ತಡವಿ ಹೊಸದಾಗಿ ಎಳೆದದ್ದೂ ಆಯಿತು. ಒಳಗೆ ಮಂಚ, ಒಲೆ, ಫ್ಯಾನು ಕೂಡಿಸಿದ ಆ ವ್ಯಾನಿನಲ್ಲಿ ಇಬ್ಬರೂ ಕಛ್‌ನ ಉಪ್ಪಿನ ಬಯಲಿಗೆ ಹೋಗಬೇಕಿತ್ತು. “ಅಂಕಿ ಕಾಣದಿದ್ರೇನು, ರಸ್ತೆ ಕಾಣ್ತದ,” ಎಂದು ತಾನೇ ಓಡಿಸುವ ಹಟ ಹಿಡಿದಿದ್ದ. ಬ್ಯಾಟರಿ ಸರಿಹೋದ ದಿನವೇ ಹೊರಡುವುದೆಂದು ಮಾತಾಗಿತ್ತು.

ಇವತ್ತು ನೀರು ಹಾಕಲೆಂದು ಬ್ಯಾಟರಿಯ ಮುಚ್ಚಳಗಳನ್ನು ತೆರೆದು ಕಿವಿಯನ್ನು ಹತ್ತಿರ ಒಯ್ದ. ಒಳಗೆ ಸಣ್ಣಗೆ ಕುದಿಯುವ ಸದ್ದು. ರೈಲ್ವೆಯಲ್ಲಿ ಮೂವತ್ತು ವರ್ಷ ಬೋಗಿಗಳ ಬ್ಯಾಟರಿ ನೋಡಿಕೊಂಡವನಿಗೆ ಆ ಸದ್ದು ಗೊತ್ತು. ತುಂಬಿದ ಬ್ಯಾಟರಿಗೆ ಇನ್ನೂ ಚಾರ್ಜ್ ಹೋಗುತ್ತಿದ್ದರಷ್ಟೇ ಹಾಗೆ ಕುದಿಯುತ್ತದೆ.

“ಇನ್ನೊಮ್ಮೆ ಓದು, ಇಂದು,” ಎಂದು ಕಡ್ಡಿಗಳನ್ನು ಮತ್ತೆ ಒತ್ತಿ ಹಿಡಿದ.

ಅವಳು ಮೀಟರಿನತ್ತ ಬಾಗಿ, ಆಮೇಲೆ ಅವನ ಮುಖ ನೋಡಿದಳು. “ಹನ್ನೆರಡೇ ಅದ ರೀ.”

ಲಿಂಗರಾಜ ವ್ಯಾನಿನ ಬಾಗಿಲು ತಡವಿಕೊಂಡು ಹೋಗಿ ಎಂಜಿನ್ ಆರಿಸಿದ. ಕೀಲಿಯನ್ನು ಕಿತ್ತು ತಂದು, ಅವಳ ಅಂಗೈ ಹುಡುಕಿ ಅದರಲ್ಲಿಟ್ಟ.

“ಗಾಡಿ ಮಾರಿಬಿಡು,” ಎಂದ. “ಇದು ಇನ್ನ ರಿಪೇರಿ ಆಗೂದಿಲ್ಲ.”