ಸುಣ್ಣದ ಡಬ್ಬಿ

“ಯಾರವ್ವಾ ನಿನಗ ಹೇಳಿದ್ದು, ಗಾಯದಾಗ ಸುಣ್ಣ ತುಂಬು ಅಂತ?”

ಕಮಲಾಪುರದ ಆಸ್ಪತ್ರೆಯಲ್ಲಿ ನರ್ಸ್ ಗಾಯತ್ರಿ ಹೀಗೆ ಕೇಳುವಾಗ ದುರುಗವ್ವನ ಬಲ ಅಂಗೈ ನಲ್ಲಿಯ ಕೆಳಗಿತ್ತು. ಸುತ್ತಿದ್ದ ಸೀರೆಯ ಚೂರು ಬಿಚ್ಚಿದೊಡನೆ ಗಟ್ಟಿಯಾದ ಸುಣ್ಣ, ಅದರಡಿ ಕಪ್ಪಾದ ಚರ್ಮ ಕಂಡಿತ್ತು. ಪಕ್ಕದಲ್ಲಿ ನಿಂತಿದ್ದ ಶೈಲಜಾ ಗೋಡೆಯತ್ತ ಮುಖ ತಿರುಗಿಸಿದಳು. ದುರುಗವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದವಳು ಅವಳೇ. ಬಟ್ಟೆಯೊಳಗೆ ಏನಿದೆ ಎಂದು ಮೊದಲೇ ಗೊತ್ತಿದ್ದರೆ ಬರುತ್ತಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ.

ದುರುಗವ್ವ ಶೈಲಜಾ ಓದಿದ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಹೋದ ಸೋಮವಾರ ಅದೇ ಶಾಲೆಯಲ್ಲಿ ಶೈಲಜಾಳಿಗೆ ಸನ್ಮಾನವಾಗಿತ್ತು. ಗಾಯ ಹೇಗೆ ಮಾಯುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಿದವಳು ಊರಿಗೆ ಅವಳೊಬ್ಬಳೇ. ಶಾಲು ಹೊದಿಸದೆ ಬಿಡುತ್ತಾರೆಯೇ? “ಚರ್ಮ ಕೊಯ್ದ ಕೂಡಲೇ ಅಂಚಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತೆ. ಅದೇ ಅವುಗಳ ಕೂಗು. ಒಂದು ಕೂಗಿದರೆ ಪಕ್ಕದ್ದು, ಅದರ ಪಕ್ಕದ್ದು, ಎಲ್ಲ ಎದ್ದು ಬಂದು ಗಾಯ ಮುಚ್ಚುತ್ತವೆ” ಎಂದು ವಿವರಿಸಿದಳು. ಮಕ್ಕಳು ಆಕಳಿಸತೊಡಗಿದರು. ಆಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದುರುಗವ್ವನ ಎಲೆ-ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ಇಸಿದುಕೊಂಡು ಎತ್ತಿ ಹಿಡಿದಳು.

“ನೋಡ್ರಿ, ಅದೇ ಕ್ಯಾಲ್ಸಿಯಂ ನಮ್ಮ ದುರುಗವ್ವನ ಡಬ್ಬಿಯಾಗೂ ಐತಿ!”

ಚಪ್ಪಾಳೆಯೋ ಚಪ್ಪಾಳೆ. ಆದರೆ ಸುಣ್ಣ ಸುಡುತ್ತದೆ, ಗಾಯಕ್ಕೆ ಬೇಕಾದದ್ದು ನಮ್ಮ ಮೈಯೊಳಗೇ ಇರುತ್ತದೆ ಎಂಬ ಮಾತು ಶೈಲಜಾಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು ಹಾರ ಹಿಡಿದು ಬಂದರು, ಅವಳು ಫೋಟೋಗೆ ನಿಂತಳು. ಬುಧವಾರ ಬದನೆಕಾಯಿ ಹೆಚ್ಚುವಾಗ ದುರುಗವ್ವನ ಅಂಗೈಯನ್ನು ಈಳಿಗೆ ಕೊಯ್ದಿತು. ಇವತ್ತು ಶನಿವಾರ, ಆ ಫೋಟೋ ತೆಗೆದುಕೊಂಡು ಹೋಗಲು ಶಾಲೆಗೆ ಬಂದ ಶೈಲಜಾ, ಎಡಗೈಯಲ್ಲೇ ಸಾಂಬಾರು ತಿರುವುತ್ತಿದ್ದ ದುರುಗವ್ವನನ್ನು ಕಂಡಿದ್ದಳು.

“ಕೇಳಿಸಲಿಲ್ಲೇನು? ಯಾವ ಶಾಣ್ಯಾ ಹೇಳ್ದ?” ಗಾಯತ್ರಿಯ ದನಿ ಏರಿತು.

ನಾನೇ ಎನ್ನಲು ಶೈಲಜಾ ಬಾಯಿ ತೆರೆದಳು. ಆಗಲೇ ಗಾಯತ್ರಿ ಇತ್ತ ತಿರುಗಿ, “ನೀವರ ಹೇಳ್ರಿ ಮೇಡಂ. ಇದನ್ನ ಓದಿದೋರು ನೀವು, ಪೇಪರಿನಾಗ ನಿಮ್ಮ ಫೋಟೋ ನೋಡೀನಿ” ಎಂದಳು.

“ಹೌದು... ಗಾಯಕ್ಕೆ ಸುಣ್ಣ ಹಚ್ಚಬಾರದು.”

ತೆರೆದ ಬಾಯಿಂದ ಬಂದದ್ದು ಅಷ್ಟೇ. ಹೇಳಿದ ಮರುಗಳಿಗೆಯೇ ಶೈಲಜಾಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ದುರುಗವ್ವ ಅವಳ ಮುಖವನ್ನೊಮ್ಮೆ ನೋಡಿದಳು.

“ಯಾರೂ ಹೇಳಿಲ್ಲರಿ ಸಿಸ್ಟರ್. ನಂದೇ ಹುಚ್ಚು ತಲಿ.”

ಡಾಕ್ಟರು ಬಂದು ನೋಡಿ, ಬೆರಳು ಮೊದಲಿನಂತೆ ಮಡಚುವುದು ಅನುಮಾನ ಎಂದು ಹೊಸಪೇಟೆಯ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಸ್ಕೂಟರನ್ನು ಅಲ್ಲೇ ಬಿಟ್ಟು, ಇಬ್ಬರೂ ಹೊರಗೆ ಬಂದು ಹೊಸಪೇಟೆಗೆ ಹೋಗುವ ಆಟೋಗೆ ಕಾಯುತ್ತ ನಿಂತರು. ಈಗಲಾದರೂ ತಪ್ಪಾಯಿತು ಎನ್ನಬೇಕು ಎಂದುಕೊಂಡಳು ಶೈಲಜಾ. ನಾಚಿಕೆಗೆಟ್ಟ ಬಾಯಿ ಮತ್ತೆ ಬೇರೆಯದನ್ನೇ ಆಡಿತು.

“ಅಷ್ಟು ಉರಿಯುವಾಗ ತೊಳಕೊಂಡು ಬಿಡಬಾರದಿತ್ತಾ ದುರುಗವ್ವ?”

“ನೀನ ಹೇಳಿದ್ದೆಲ್ಲವ್ವ, ಒಂದು ಕೂಗಿದ್ರ ಪಕ್ಕದ್ದು ಎದ್ದು ಬರ್ತೈತಿ ಅಂತ. ಉರಿಯಾಕ ಹತ್ತಿದಾಗ, ಒಳಗ ಕೂಗಾಕ ಹತ್ಯಾವು ಅಂದ್ಕಂಡೆ. ಇನ್ನೇನು ಬಂದ್ವು, ಇನ್ನೇನು ಬಂದ್ವು ಅಂತ ಮೂರು ದಿನ ತಡ್ಕಂಡೆ.”