ನೀರು ಹಾಕದ ಸಾರು

"ಒಂದು ತೊಟ್ಟು ನೀರೂ ಹಾಕಿಲ್ಲ, ನಿಮ್ಮಾಣೆ!" ಇಕ್ವೊ ಸೌಟು ಎತ್ತಿ ತೋರಿಸಿದಳು. ಎಡಿಕಾಂಗ್ ಇಕಾಂಗ್ ಎಂಬ ಸಾರು ಎಂದರೆ ಸೊಪ್ಪು ತಾನು ಬಿಟ್ಟ ನೀರಲ್ಲೇ ಬೆಂದು ಗಟ್ಟಿಯಾಗಬೇಕು. ಇವಳದ್ದು ಇವತ್ತೂ ಸೌಟಿನಿಂದ ಸುರಿಯುತ್ತಿತ್ತು. ಊಟಕ್ಕೆ ಬರುವವರು ತವರಿನವರು ಬೇರೆ.

ಗಂಡ ಎಯೊ ಪಾತ್ರೆಗೆ ಬಲೆ ಬೀಸುವಂತೆ ನಟಿಸಿ, ಮೀನು ಮಾರುವವಳ ದನಿ ತೆಗೆದ: "ಬನ್ರಮ್ಮೋ, ಕ್ಯಾಲಬಾರ್ ನದಿ ಒಲೆ ಮೇಲೇ ಹರೀತಿದೆ!"

ಸಿಟ್ಟಿನಿಂದ ಇನ್ನಷ್ಟು ಸೊಪ್ಪು ಕೀಳಲು ಹಿತ್ತಲಿಗೆ ಹೊರಟವಳು ಬಾಗಿಲಲ್ಲೇ ತಿರುಗಿದಳು. ಅತ್ತೆ ಪಾತ್ರೆಗೆ ಲೋಟದಿಂದ ನೀರು ಸುರಿಯುತ್ತಿದ್ದರು.

"ಅತ್ತೇ! ದಿನಾ ನೀವೇನಾ?"

"ನನಗೆ ಒಂಬತ್ತು ಮಕ್ಕಳು ಕಣೇ, ಸಾಕಾಗಬೇಡ್ವಾ?"

"ಇವರೊಬ್ಬರನ್ನ ಬಿಟ್ಟು ಅವರೆಲ್ಲ ದೊಡ್ಡೋರಾಗಿ ಊರೂರು ಸೇರಿದ್ರಲ್ಲ! ಈಗ ಮನೇಲಿರೋದು ನಾವು ಮೂರೇ ಜನ!"

ಅತ್ತೆ ಲೋಟ ಹಿಡಿದೇ ಗಾಬರಿಯಾದರು. "ಹೌದಾ? ಮತ್ತೆ ಅವರಿಗೆಲ್ಲ ಯಾರು ಬಡಿಸ್ತಾರೆ?"